ಇಳಿದ ದನಿ

ಕೈಲಾಸ್ ಹೆಣ್ಣು ನೋಡಲು ಬಂದದ್ದು ಒಂದು ಸೋಮವಾರ. ಸೋಮವಾರ ಅವನಿಗೆ ಮೌನ ಎಂದು ಅವನ ತಾಯಿ ಸಿದ್ದಗಂಗಮ್ಮ ಮೊದಲೇ ಫೋನಿನಲ್ಲಿ ತಿಳಿಸಿದ್ದರು. ಶಿವನ ವಾರ, ಹೈಸ್ಕೂಲಿನಿಂದಲೂ ನಡೆಸಿಕೊಂಡು ಬಂದಿದ್ದಾನೆ, ತಪ್ಪಿಸುವಂತಿಲ್ಲ. ಇಟ್ಟಮಡುವಿನ ಆ ಮನೆಯಲ್ಲಿ ಅವನು ಹಣೆಯ ತುಂಬ ವಿಭೂತಿ ಧರಿಸಿ, ಸೋಫಾದ ಅಂಚಿನಲ್ಲಿ ಕೈಕಟ್ಟಿ ಕೂತಿದ್ದ. ಶಿಲ್ಪಶ್ರೀ ಕಾಫಿ ತಂದಾಗ ನಕ್ಕ. ಅವಳ ತಂದೆ ಕೇಳಿದ್ದಕ್ಕೆಲ್ಲ ತಲೆಯಾಡಿಸಿದ. ತಲೆಯಾಡಿಸಿದರೆ ಸಾಲದ ಪ್ರಶ್ನೆಗಳಿಗೆ ತಾಯಿ ಉತ್ತರ ಕೊಟ್ಟರು. ಅವರು ಹೊರಟ ಮೇಲೆ ತಂದೆ, ವಾರಕ್ಕೊಂದು ದಿನ ಬಾಯಿ ಮುಚ್ಚಿಕೊಂಡಿರಬಲ್ಲ ಹುಡುಗ ಈ ಊರಲ್ಲಿ ಇನ್ನೆಲ್ಲಿ ಸಿಗುತ್ತಾನೆ ಎಂದರು. ಮೈಸೂರಿನಲ್ಲಿ ಎಂ.ಎ. ಮಾಡಿ ಬಂದಿದ್ದ ಶಿಲ್ಪಶ್ರೀಗೂ ಅದು ಸರಿ ಅನ್ನಿಸಿತು.

ನಿಶ್ಚಿತಾರ್ಥವೂ ಸೋಮವಾರವೇ ಆಯಿತು. ಮದುವೆಗೆ ಮುಂಚಿನ ತಿಂಗಳುಗಳಲ್ಲಿ ಅವನು ಉದ್ದುದ್ದ ಮೆಸೇಜ್ ಬರೆಯುತ್ತಿದ್ದ. ನಗಿಸುತ್ತಿದ್ದ. ಫೋನ್ ಮಾಡಿದರೆ ಮಾತ್ರ ಎತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ ಎಂದು ಬರೆಯುತ್ತಿದ್ದ. ಸಾರಕ್ಕಿಯಲ್ಲಿ ಅವರದು ಪಾತ್ರೆ ಅಂಗಡಿ. ಗಿರಾಕಿಗಳು ಇದ್ದೇ ಇರುತ್ತಾರೆ ಎಂದು ಅವಳು ಅಂದುಕೊಂಡಳು.

ಮದುವೆ ಮುಗಿಸಿ ಪುಟ್ಟೇನಹಳ್ಳಿಯ ಮನೆಗೆ ಕಾರಿನಲ್ಲಿ ಹೋಗುವಾಗ "ನೀರು ಬೇಕಾ?" ಎಂದು ಯಾರೋ ಕೇಳಿದರು. ಇನ್ನೂ ಮೈನೆರೆಯದ ಹುಡುಗಿಯ ದನಿ. ಶಿಲ್ಪಶ್ರೀ ಮುಂದಿನ ಸೀಟಿನ ಕಡೆ ನೋಡಿದಳು. ಅಲ್ಲಿ ಡ್ರೈವರ್ ಬಿಟ್ಟರೆ ಯಾರೂ ಇರಲಿಲ್ಲ. ನೀರಿನ ಬಾಟಲಿ ಕೈಲಾಸನ ಕೈಯಲ್ಲಿತ್ತು. ಡ್ರೈವರ್ ಕನ್ನಡಿಯಲ್ಲಿ ಅವಳ ಮುಖವನ್ನು ನೋಡುತ್ತಿದ್ದ.

ಆಮೇಲಿನ ಮೊದಲ ಸೋಮವಾರ ಅವನು ಬೆಳಿಗ್ಗೆಯಿಂದ ಮಾತಾಡಿದ.

ಅವಳು ತವರಿಗೆ ಫೋನ್ ಮಾಡಿ ಅತ್ತಳು. ತಂದೆ ಬೈದರು, ಯಾರನ್ನು ಎಂದು ತಿಳಿಯಲಿಲ್ಲ. ತಾಯಿ ಮಾತ್ರ, ಕುಡಿಯಲ್ಲ, ಕೈ ಎತ್ತಲ್ಲ, ಸ್ವಂತ ಅಂಗಡಿ ಇದೆ, ದನಿ ತಗೊಂಡು ಏನ್ಮಾಡ್ತೀಯ ಎಂದರು. ಆ ಮಾತು ನಿಜವೇ ಆಯಿತು. ಕೈಲಾಸನಿಗೆ ಅಪ್ಪಣೆ ಮಾಡುವುದೇ ಗೊತ್ತಿರಲಿಲ್ಲ. ಅವನ ಬಾಯಲ್ಲಿ ಎಲ್ಲವೂ ಪ್ರಶ್ನೆ. ಊಟ ಮಾಡೋಣವಾ, ಫ್ಯಾನ್ ಹಾಕ್ಲಾ, ಸುಸ್ತಾಯ್ತಾ. ಅಂಥ ದನಿಯಲ್ಲಿ ಜಗಳವಾಡಲು ಬರುವುದಿಲ್ಲ. ಒಂದು ವರ್ಷ ಕಳೆಯುವ ಹೊತ್ತಿಗೆ ಆ ದನಿ ಅಂಗಡಿಯಿಂದ ಮನೆಗೆ ಬರುವುದನ್ನು ಅವಳು ಕಾಯತೊಡಗಿದ್ದಳು. ಮಗಳು ಸಿರಿ ಹುಟ್ಟಿದಳು. ಸಿರಿಗೆ ಅವನು ಮುಚ್ಚಳ ಕಳೆದುಕೊಂಡ ಕುಕ್ಕರಿನ ಕಥೆ ಕಟ್ಟಿ ಹೇಳುತ್ತಿದ್ದ. ಕುಕ್ಕರ್ ಪ್ರತಿ ಪಾತ್ರೆಯ ಹತ್ತಿರ ಹೋಗಿ "ನನ್ನ ಮುಚ್ಚಳ ನೋಡಿದ್ರಾ?" ಎಂದು ಕೇಳುತ್ತದೆ. ಅಂಗಡಿಯ ಪಾತ್ರೆಗಳಷ್ಟೂ ಅದರಲ್ಲಿ ಬರುತ್ತಿದ್ದವು. ಅಷ್ಟು ಕೇಳದೆ ಮಗು ಕಣ್ಣು ಮುಚ್ಚುತ್ತಿರಲಿಲ್ಲ.

ಹೊರಗಿನವರು ಕೈಲಾಸನ ತಂದೆ ಪರಮಶಿವಯ್ಯನವರನ್ನು ಇನ್ನೂ ಮರೆತಿರಲಿಲ್ಲ. ಅವರು ಅಂಗಡಿಯಲ್ಲಿ ಕೂತು "ಎರಡು ಟೀ" ಎಂದರೆ ಸಾರಕ್ಕಿ ಸಿಗ್ನಲ್ಲಿನ ಆಚೆ ಬದಿಯಿಂದ ಬರುತ್ತಿತ್ತಂತೆ, ನಡುವೆ ಎಷ್ಟು ಬಸ್ಸು ಹಾರನ್ ಹೊಡೆಯುತ್ತಿದ್ದರೂ. ಅವರು ತೀರಿಕೊಂಡ ಮೇಲೆ ಅಂಗಡಿಗೆ ಫೋನ್ ಮಾಡಿದವರು "ಮೇಡಂ, ಯಜಮಾನ್ರಿಗೆ ಕೊಡಿ" ಎನ್ನುತ್ತಿದ್ದರು. ಕೈಲಾಸ್ ಫೋನನ್ನು ಹಣಮಪ್ಪನಿಗೆ ಕೊಡುತ್ತಿದ್ದ. ಹಣಮಪ್ಪ ಕೊಪ್ಪಳದ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ, ಪರಮಶಿವಯ್ಯನವರ ಕಾಲದಿಂದ ಅಂಗಡಿಯಲ್ಲಿದ್ದವನು. ಅವನೇ ಯಜಮಾನನಂತೆ ಮಾತಾಡಿ ಫೋನ್ ಇಡುತ್ತಿದ್ದ.

ಸಿರಿಯ ಮೂರನೇ ಹುಟ್ಟುಹಬ್ಬದ ಸಂಜೆ ನೆಂಟರೆಲ್ಲ ಬಂದು ಕೂತಿದ್ದರು. ಕೈಲಾಸ್ ಇನ್ನೂ ಅಂಗಡಿಯಲ್ಲಿದ್ದ, ಬರುವಾಗ ಕೇಕ್ ತರಬೇಕಿತ್ತು. ಅವನ ದೊಡ್ಡಪ್ಪನ ಮಗ ಮಹಾಂತೇಶ್, ಸಮಾಜದ ಕಾರ್ಯದರ್ಶಿ, ಎಲ್ಲಿ ಹೋದರೂ ನಗಿಸುವವನು, ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ ಅಂಗಡಿಯ ಫೋನಿಗೆ ಕರೆ ಮಾಡಿದ. ಸ್ಪೀಕರ್ ಹಾಕಿ, ದನಿ ಬದಲಿಸಿ ಮಾತಾಡಿದ.

"ಮೇಡಂ, ಮದ್ವೆಗೆ ಪಾತ್ರೆ ಬೇಕಿತ್ತು. ನಿಮ್ಮ ಯಜಮಾನ್ರಿಗೆ ಸ್ವಲ್ಪ ಕೊಡ್ತೀರಾ?"

"ನಾನೇ ಸಾರ್ ಯಜಮಾನ," ಎಂದಿತು ಆ ದನಿ, ವಿನಯದಿಂದ.

"ತಮಾಷೆ ಮಾಡ್ಬೇಡಿ ಮೇಡಂ. ಗಂಡಸರು ಯಾರಾದ್ರೂ ಇದ್ರೆ ಕೊಡಿ."

ಆ ದನಿ, ಸ್ವಲ್ಪ ಇರಿ ಸಾರ್, ಕೊಡ್ತೀನಿ ಎಂದಿತು. ಆಗ ನಗು ಒಡೆಯಿತು. ಸಿದ್ದಗಂಗಮ್ಮ ಎದ್ದು ಒಳಗೆ ಹೋದರು. ಎಲ್ಲರೂ ನಗುವುದನ್ನು ಕಂಡು ಸಿರಿಯೂ ನಕ್ಕಳು. ಕೈಲಾಸ್ ಕೇಕ್ ಹಿಡಿದು ಬಾಗಿಲಿಗೆ ಬಂದಾಗ ದೊಡ್ಡವರೆಲ್ಲ ಮುಖ ಗಂಭೀರ ಮಾಡಿಕೊಂಡರು. ಮಗು ಓಡಿ ಹೋಗಿ ಅವನ ಕಾಲು ತಬ್ಬಿಕೊಂಡು, "ಅಪ್ಪ ಮೇಡಂ, ಅಪ್ಪ ಮೇಡಂ" ಎಂದು ಚಪ್ಪಾಳೆ ತಟ್ಟಿದಳು. ಅವನು ಕೇಕನ್ನು ಮೇಜಿನ ಮೇಲಿಟ್ಟು ಚಾಕು ಎಲ್ಲಿದೆ ಎಂದು ಕೇಳಿದ.

ಮರುದಿನ ಶಿಲ್ಪಶ್ರೀ ಡಾಕ್ಟರುಗಳನ್ನು ಹುಡುಕಿದಳು. ಕಿವಿ ಮೂಗು ಗಂಟಲಿನ ಡಾಕ್ಟರು ನಳಿಗೆ ಹಾಕಿ ನೋಡಿ, ಎಲ್ಲ ಸರಿಯಾಗಿದೆ, ಇದಕ್ಕೆ ಔಷಧಿ ಬೇಡ ಎಂದು ಚೂಡಾಮಣಿ ಎಂಬುವವರ ಬಳಿಗೆ ಕಳಿಸಿದರು. ಚೂಡಾಮಣಿ ಸ್ಪೀಚ್ ಥೆರಪಿಸ್ಟ್. ಜಯನಗರದಲ್ಲಿ ಒಂದು ಸೀರೆ ಅಂಗಡಿಯ ಮಹಡಿಯ ಮೇಲೆ ಅವರ ಕ್ಲಿನಿಕ್ಕು. ನರೆತ ಕೂದಲು, ಮೆಲುವಾದ ಮಾತು. ಅವರು ಕೈಲಾಸನಿಂದ ಹೆಸರು, ಕೆಲಸ ಹೇಳಿಸಿ, ಒಂದು ಪ್ಯಾರಾ ಓದಿಸಿ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಕೊಂಡರು. ಹುಡುಗರ ಧ್ವನಿಪೆಟ್ಟಿಗೆ ಹದಿಮೂರು ಹದಿನಾಲ್ಕಕ್ಕೆ ದೊಡ್ಡದಾಗಿ ಕೆಳಗಿಳಿಯುತ್ತದೆ, ನಿಮ್ಮದೂ ದೊಡ್ಡದಾಗಿದೆ, ಆದರೆ ನೀವು ಅದನ್ನು ಮೇಲಕ್ಕೆ ಎತ್ತಿ ಹಿಡಿದುಕೊಂಡೇ ಇಷ್ಟು ವರ್ಷ ಮಾತಾಡಿದ್ದೀರಿ ಎಂದರು. ಯಾಕೆ ಹಾಗೆ ಎಂದು ಕೇಳಲಿಲ್ಲ. ಕೆಮ್ಮಿ ಎಂದರು. ಅವನು ಕೆಮ್ಮಿದ.

"ನೋಡಿ, ಕೆಮ್ಮು ಗಂಡಸಿನದೇ. ಇನ್ನೊಂದ್ಸಲ ಕೆಮ್ಮಿ. ಆ ಕೆಮ್ಮಿನ ಬಾಲ ಹಿಡ್ಕೊಂಡು ಆ ಅನ್ನಿ."

ಹೆಬ್ಬೆರಳಿನಿಂದ ಅವನ ಗಂಟಲಿನ ಉಬ್ಬನ್ನು ಮೆಲ್ಲಗೆ ಕೆಳಕ್ಕೆ ಒತ್ತಿ ಹಿಡಿದರು. ಅವನು ಕೆಮ್ಮಿ, ಆ ಎಂದ. ಖಾಲಿ ಹಂಡೆಯ ತಳದಿಂದ ಬಂದಂಥ ಒಂದು ಸದ್ದು ಕೋಣೆಯಲ್ಲಿ ನಿಂತಿತು. ಕೈಲಾಸ್ ಬೆಚ್ಚಿ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಅಪ್ಪ ಬಂದ ಹಾಗಾಯ್ತು," ಎಂದ, ಹಳೆಯ ದನಿಯಲ್ಲಿ.

"ಆ ದನೀಲಿ ಇನ್ಮೇಲೆ ಮಾತಾಡಬಾರದು," ಎಂದರು ಚೂಡಾಮಣಿ.

ಅವರು ಹೇಳಿಕೊಟ್ಟದ್ದೆಲ್ಲ ಸರಳವಾಗಿತ್ತು. ಗಂಟಲು ಕೆರೆದುಕೊಳ್ಳಬಾರದು, ಹಾಗನ್ನಿಸಿದಾಗ ಒಂದು ಗುಟುಕು ಉಗುರುಬೆಚ್ಚಗಿನ ನೀರು ಕುಡಿಯಬೇಕು. ಬೆಳಿಗ್ಗೆ ಹಬೆ ತೆಗೆದುಕೊಂಡು, ತುಟಿ ಜುಮ್ಮೆನ್ನುವವರೆಗೆ ಬಾಯಿ ಮುಚ್ಚಿ ಗುನುಗಬೇಕು. ಖಾರ, ಕಾಫಿ ಕಡಿಮೆ ಮಾಡಬೇಕು. ಕೂಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ದನಿಯನ್ನು ಎಲ್ಲಿಯೂ ಬಳಸಬಾರದು, ಪೂಜೆಯಲ್ಲಾಗಲಿ ಬಚ್ಚಲಲ್ಲಾಗಲಿ ಮಗುವಿನ ಹತ್ತಿರವಾಗಲಿ. ಎರಡು ದನಿ ಇಟ್ಟುಕೊಂಡರೆ ಗಂಟಲು ಸುಲಭದ್ದನ್ನೇ ಆರಿಸಿಕೊಳ್ಳುತ್ತದೆ ಎಂದರು.

ಅವನು ಎಲ್ಲವನ್ನೂ ಮಾಡಿದ. ಶಿಲ್ಪಶ್ರೀ ಹಬೆಗೆ ನೀರು ಕಾಯಿಸಿ ಕೊಟ್ಟಳು, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿ ಅಂಗಡಿಗೆ ಕಳಿಸಿದಳು. ಮೂರನೇ ಭೇಟಿಯ ನಂತರ ಒಂದು ಮಧ್ಯಾಹ್ನ ಅವನು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ "ಅಮ್ಮಾ" ಎಂದು ಕರೆದ. ಸಿದ್ದಗಂಗಮ್ಮ ಅಡುಗೆಮನೆಯಲ್ಲಿ ಹಾಕಿಕೊಂಡಿದ್ದ ರೇಡಿಯೊ ಆರಿಸಿದರು. ಒಲೆ ಸಣ್ಣ ಮಾಡಿದರು. ಸೆರಗನ್ನು ತಲೆಯ ಮೇಲೆಳೆದುಕೊಂಡು ಬಂದು ಬಾಗಿಲ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತರು. ಮಗನೆಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ಆಮೇಲೆ ಸೊಸೆಗೆ, ಅವರು ಹೋದಮೇಲೇನೇ ಕಣಮ್ಮ ನಾನು ಈ ಮನೇಲಿ ರೇಡಿಯೊ ಹಾಕಿದ್ದು ಎಂದರು. ಅಂದಿನಿಂದ ಕೈಲಾಸ್ ಮನೆಯಲ್ಲಿದ್ದಾಗ ರೇಡಿಯೊ ಹಾಡಲಿಲ್ಲ.

ನೆಂಟರಿಗೆ ಸಂಭ್ರಮ. ಥೇಟ್ ಪರಮಶಿವಯ್ಯನವರೇ ಎಂದು ಫೋನಿನಲ್ಲಿ ಕೇಳಿದವರು ಕಣ್ಣೀರು ಹಾಕಿದರು. ಈಗ ಮನೆಗೊಬ್ಬ ಗಂಡಸು ಬಂದ ಎಂದು ಒಬ್ಬ ಚಿಕ್ಕಮ್ಮ ಶಿಲ್ಪಶ್ರೀಯನ್ನೇ ಅಭಿನಂದಿಸಿದರು.

ದನಿ ಒಡೆಯುವುದನ್ನು ಮೊದಲು ಗಮನಿಸಿದವಳು ಶಿಲ್ಪಶ್ರೀ. "ಊಟ ಆಯ್ತಾ?" ಎಂದು ಕೇಳಿದರೆ ಕೊನೆಯ ಅಕ್ಷರ ಚಿಮ್ಮಿ ಮೇಲೆ ಹೋಗಿ ಹಳೆಯ ಹುಡುಗಿ ಹೊರಬರುತ್ತಿದ್ದಳು. "ಊಟ ಹಾಕು" ಎಂದರೆ ಬರುತ್ತಿರಲಿಲ್ಲ. ನಕ್ಕರೆ ಒಡೆಯುತ್ತಿತ್ತು. ಸಮಾಧಾನ ಮಾಡಲು ಹೋದರೆ ಒಡೆಯುತ್ತಿತ್ತು. ಬೈದರೆ ಬಂಡೆಯ ಹಾಗೆ ನಿಲ್ಲುತ್ತಿತ್ತು. ಅವಳು ಇದನ್ನು ಚೂಡಾಮಣಿಯವರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ.

"ಸಿಟ್ಟಲ್ಲಿ ದನಿ ಇಳಿಯೋದು ಸುಲಭ, ಪ್ರೀತೀಲಿ ಇಳಿಸೋದು ಕಷ್ಟ. ಅದಕ್ಕೆ ತಿಂಗಳುಗಟ್ಟಲೆ ಬೇಕು. ಮೆತ್ತಗೆ ಮಾತಾಡಿ, ಒಡೀಲಿ, ಮತ್ತೆ ಮಾತಾಡಿ. ಒಡೆದ್ರೆ ಏನೂ ನಷ್ಟ ಇಲ್ಲ."

ಅವರಿಗೆ ಸಾರಕ್ಕಿ ಗೊತ್ತಿರಲಿಲ್ಲ. ಅಲ್ಲಿ ದನಿ ಒಡೆದರೆ ಪಕ್ಕದ ಅಂಗಡಿಯವರು ಎದ್ದು ಬಂದು ನೋಡುತ್ತಿದ್ದರು. ಕೈಲಾಸ್ ಪ್ರೀತಿಯ ಪಾಠವನ್ನು ಮುಂದಕ್ಕೆ ಹಾಕಿದ. "ಹಣಮಪ್ಪಣ್ಣ, ಆ ಕೊಳಗ ಸ್ವಲ್ಪ ಇಳಿಸ್ತೀರಾ" ಎನ್ನುತ್ತಿದ್ದವನು ಮೊದಲು ಪ್ರಶ್ನೆಯನ್ನು ಬಿಟ್ಟ. ಆಮೇಲೆ ಬಹುವಚನವನ್ನು, ಅಣ್ಣನನ್ನು, ಕೊನೆಗೆ ಹೆಸರನ್ನೂ. "ಏಯ್, ಕೊಳಗ" ಎಂಬುದರಲ್ಲಿ ಒಡೆಯುವಂಥದ್ದು ಏನೂ ಉಳಿದಿರಲಿಲ್ಲ. ಗಿರಾಕಿಗಳು ಈಗ ಸಾರ್ ಎನ್ನುತ್ತಿದ್ದರು. ವ್ಯಾಪಾರ ಚೆನ್ನಾಗಾಯಿತು.

ಹಣಮಪ್ಪ ಒಂದು ಭಾನುವಾರ ಮನೆಗೆ ಬಂದು ಗೋಡೌನಿನ ಕೀಲಿಕೈಯನ್ನು ಶಿಲ್ಪಶ್ರೀಯ ಕೈಗೆ ಕೊಟ್ಟ. ಬಿಟಿಎಂನಲ್ಲೇ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ ಎಂದ. ಯಾಕೆ ಎಂದು ಅವಳು ಕೇಳಿದಳು. ಅವನು ಕಾಫಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟ.

"ಅಕ್ಕಾರ, ಸಾಹುಕಾರ್ರ ದನಿ ಛಲೋ ಆಗೇತಿ, ಇಲ್ಲ ಅನ್ನಂಗಿಲ್ಲ. ಆದ್ರ ದೊಡ್ಡ ಸಾಹುಕಾರ್ರ ಕೈಕೆಳಗ ಆ ದನಿ ಭಾಳ ವರ್ಷ ಕೇಳೀನ್ರಿ. ಈ ವಯಸ್ಸಿನ್ಯಾಗ ಮತ್ತ ಮೊದಲಿಂದ ಕೇಳಾಕ ಆಗೂದಿಲ್ಲ."

ಅವಳು ಇದನ್ನು ಕೈಲಾಸನಿಗೆ ಹೇಳಿದಳು. ಹಣಮಪ್ಪಣ್ಣ ಹಾಗಂದ್ರಾ ಎಂದು ಅವನು ಕೇಳಿದ. ಅಂದ್ರಾ ಎನ್ನುವಾಗ ದನಿ ಒಡೆಯಿತು. ಅವನು ನೀರು ಕುಡಿದು, ಹೋದರೆ ಹೋಗಲಿ ಎಂದ. ಅದು ಒಡೆಯಲಿಲ್ಲ.

ಬಸವ ಜಯಂತಿಗೆ ಬನಶಂಕರಿಯ ಒಂದು ಮಂಟಪದಲ್ಲಿ ಸಮಾಜದ ಕಾರ್ಯಕ್ರಮವಿತ್ತು. ಮಹಾಂತೇಶ್ ಆಮಂತ್ರಣದಲ್ಲಿ ವಂದನಾರ್ಪಣೆಗೆ ಕೈಲಾಸನ ಹೆಸರು ಹಾಕಿಸಿದ. ತಮಾಷೆಗೋ ಗೌರವಕ್ಕೋ ಯಾರಿಗೂ ಗೊತ್ತಾಗಲಿಲ್ಲ. ಕೈಲಾಸ್ ವಾರವಿಡೀ ಕನ್ನಡಿಯ ಮುಂದೆ ಓದಿ ಅಭ್ಯಾಸ ಮಾಡಿದ. ವೇದಿಕೆಯ ಮೇಲೆ ಮೊದಲ ವಾಕ್ಯಕ್ಕೇ ಜನ ಕತ್ತೆತ್ತಿ ನೋಡಿದರು, ಅಷ್ಟು ಚೆನ್ನಾಗಿತ್ತು. ಆದರೆ ವಂದನಾರ್ಪಣೆಯೆಂದರೆ ವಂದಿಸಬೇಕಲ್ಲ. ಮೊದಲ ಧನ್ಯವಾದಕ್ಕೇ ದನಿ ಚಿಮ್ಮಿ ಮೈಕಿನಲ್ಲಿ ಸೀಟಿ ಹೊಡೆಯಿತು. ಹಿಂದಿನ ಸಾಲಿನಿಂದ ಯಾರೋ "ಪರ್ವಾಗಿಲ್ಲ ಬಿಡಿ ಮೇಡಂ" ಎಂದರು. ಸಭೆ ನಕ್ಕಿತು. ವೇದಿಕೆಯ ಮೇಲಿದ್ದ ಸ್ವಾಮಿಗಳೂ ಮುಗುಳ್ನಕ್ಕರು.

ಕೈಲಾಸ್ ನೀರು ಕುಡಿದ. ಉಳಿದ ಹೆಸರುಗಳನ್ನು, ತಪ್ಪು ಮಾಡಿದವರ ಹಾಜರಿ ತೆಗೆದುಕೊಳ್ಳುವಂತೆ, ಒಂದೊಂದಾಗಿ ಕೂಗಿ ಒಂದೊಂದು ಧನ್ಯವಾದ ಎಸೆದ. ದಾನಿಗಳು ನೆಟ್ಟಗೆ ಕೂತರು. ಅಡುಗೆಯವರಿಗೆ ಧನ್ಯವಾದ ಹೇಳಿದಾಗ ಅಡುಗೆಯವನು ತಾನೇನು ಮಾಡಿದೆ ಎಂಬಂತೆ ಬಾಗಿಲ ಹಿಂದಕ್ಕೆ ಸರಿದ. ಯಾರೂ ನಗಲಿಲ್ಲ. ದನಿ ಮತ್ತೆ ಒಡೆಯಲಿಲ್ಲ.

ಅಂದಿನಿಂದ ಮನೆಯಲ್ಲಿಯೂ ಅವನು ಏನನ್ನೂ ಕೇಳಲಿಲ್ಲ, ಹೇಳಿದ. ಶಿಲ್ಪಶ್ರೀ ಎದುರಾಡಿದರೆ ಅವನಿಗೆ ಅನುಕೂಲವೇ ಆಗುತ್ತಿತ್ತು. ಸಿಟ್ಟಿಗೆ ಕಾರಣ ಹುಡುಕುವ ಕೆಲಸ ತಪ್ಪುತ್ತಿತ್ತು. ಅವಳು ಸುಮ್ಮನಿದ್ದರೆ ಕಾರಣ ಹುಡುಕುತ್ತಿದ್ದ. ಸಾರಿಗೆ ಉಪ್ಪು, ಬಾಗಿಲ ಮುಂದಿನ ಚಪ್ಪಲಿ, ಅವಳು ಓದಿ ಮಂಚದ ಮೇಲೆ ಬಿಟ್ಟ ಪುಸ್ತಕ. ಕೈ ಎತ್ತಲಿಲ್ಲ. ಎತ್ತುವ ಅಗತ್ಯ ಇರಲಿಲ್ಲ.

ಮಗು ಮಾತ್ರ ಕಥೆ ಕೇಳುವುದನ್ನು ಬಿಡಲಿಲ್ಲ. ಒಂದು ದಿನ ಅವನು ಹೊಸ ದನಿಯಲ್ಲಿ ಶುರು ಮಾಡಿದ. ಕುಕ್ಕರ್ ಮೊದಲ ಪಾತ್ರೆಯ ಹತ್ತಿರ ಹೋಗಿ ಕೇಳುವ ಹೊತ್ತಿಗೆ ದನಿ ಒಡೆದು ಹಳೆಯದು ಬಂತು. ಸಿರಿ ಎದ್ದು ಕೂತಳು. ಮುಖ ಅರಳಿತು. "ಬಂತು, ಕುಕ್ಕರ್ ಬಂತು. ಅಪ್ಪ, ಇನ್ನೊಂದ್ಸಲ," ಎಂದಳು.

ಕೈಲಾಸ್ ಅವಳನ್ನು ನೋಡಿದ. "ಮಲಗು," ಎಂದ.

ಜೂನ್ ತಿಂಗಳ ಒಂದು ಸಂಜೆ ಸಿರಿ ಅಂಗಡಿಯಲ್ಲಿ ಆಡುತ್ತಾ ಬಿದ್ದು, ಕೊಳಗದ ಅಂಚು ತಾಗಿ ಗಲ್ಲ ಸೀಳಿಕೊಂಡಳು. ಶಿಲ್ಪಶ್ರೀಯೂ ಅಲ್ಲೇ ಇದ್ದಳು. ಮಹಾಂತೇಶ್ ಯಾವುದೋ ಲೆಟರ್‌ಹೆಡ್ ಕೊಡಲು ಬಂದಿದ್ದ. ಅವನ ಕಾರಿನಲ್ಲೇ ಹತ್ತಿರದ ನರ್ಸಿಂಗ್ ಹೋಮಿಗೆ ಹೋದರು. ಹೊಲಿಗೆ ಹಾಕಬೇಕು, ಮಗು ಅಲ್ಲಾಡಬಾರದು ಎಂದರು ಡಾಕ್ಟರು. ಸಿರಿ ಬೆನ್ನು ಬಿಲ್ಲಾಗಿಸಿ ಕಿರುಚುತ್ತಿದ್ದಳು. ಅಮ್ಮ ಹಿಡಿದರೂ ನಿಲ್ಲಲಿಲ್ಲ. ಅಪ್ಪ ಬೇಕು ಎಂದಳು. ಅಪ್ಪ ಇಲ್ಲೇ ಇದ್ದಾರೆ ನೋಡು ಎಂದಳು ನರ್ಸ್.

"ಇವ್ರಲ್ಲ," ಎಂದಳು ಸಿರಿ. "ಕುಕ್ಕರ್ ಅಪ್ಪ."

ನರ್ಸ್‌ಗೆ ಅರ್ಥವಾಗಲಿಲ್ಲ. ಕೈಲಾಸನಿಗೆ ಆಯಿತು. ಶಿಲ್ಪಶ್ರೀ ಅವನ ತೋಳು ಹಿಡಿದಳು. "ರೀ, ಒಂದೇ ಒಂದ್ಸಲ. ಅವಳ ಕಿವೀಲಿ ಹೇಳಿ ಸಾಕು. ಯಾರಿಗೂ ಕೇಳಿಸಲ್ಲ."

ಅವನು ಬಗ್ಗಿದ. ನಿಜಕ್ಕೂ ಬಗ್ಗಿದ, ಅದನ್ನು ಅವಳು ಕಂಡಳು. ಬಾಯಿ ಮಗುವಿನ ಕಿವಿಯ ಹತ್ತಿರ ಹೋಯಿತು, ತುಟಿ ತೆರೆಯಿತು. ಆಗ ಪರದೆಯ ಪಕ್ಕದಲ್ಲಿ ಮಹಾಂತೇಶನ ಬೂಟುಗಳು ಕಂಡವು. ಅವನು ಒಳಗೆ ತಲೆ ಹಾಕಿ, ಏನಾದ್ರೂ ಬೇಕಾ ಎಂದು ಕೇಳಿದ. ಕೈಲಾಸ್ ನೆಟ್ಟಗಾದ. ಒಂದು ಕೈಯಿಂದ ಮಗುವಿನ ಹಣೆಯನ್ನು ಮೇಜಿಗೆ ಅದುಮಿ ಹಿಡಿದ.

"ಅಲ್ಲಾಡಿದ್ರೆ ನೋಡು," ಎಂದ. "ಬಾಯಿ ಮುಚ್ಚು."

ಕೋಣೆಯ ಸ್ಟೀಲ್ ಟ್ರೇಗಳು ಸಣ್ಣಗೆ ಕಂಪಿಸಿದವು. ಸಿರಿಯ ಕಿರುಚಾಟ ಅರ್ಧಕ್ಕೆ ನಿಂತಿತು. ಕಣ್ಣು ತೆರೆದುಕೊಂಡೇ ಇತ್ತು. ಸೂಜಿ ಒಳಗೆ ಹೋದಾಗಲೂ ಮುಚ್ಚಲಿಲ್ಲ. ಡಾಕ್ಟರು ಹೊಲಿಗೆ ಹಾಕಿ ಮುಗಿಸಿ, ಎಲ್ಲಾ ಅಪ್ಪಂದಿರೂ ನಿಮ್ಮ ಹಾಗಿದ್ರೆ ನಮ್ಮ ಕೆಲಸ ಅರ್ಧ ಆಗೋಗುತ್ತೆ ಸಾರ್ ಎಂದರು. ಮಹಾಂತೇಶ್ ಹೊರಗೆ ಕೈಲಾಸನ ಭುಜ ತಟ್ಟಿ, "ಈಗ ಸರಿಹೋದೆ ಮಗಾ," ಎಂದ. ಅದರಲ್ಲಿ ತಮಾಷೆ ಇರಲಿಲ್ಲ. ಕೈಲಾಸನ ಮುಖದಲ್ಲಿ ಬಹಳ ವರ್ಷಗಳಿಂದ ಕಾಣದ ಒಂದು ನೆಮ್ಮದಿ ಇತ್ತು.

ಗಾಯ ಬೇಗ ಮಾಗಿತು. ಕಥೆ ಕೇಳುವುದು ನಿಂತಿತು. ಅಪ್ಪ ಮನೆಯಲ್ಲಿದ್ದಾಗ ಸಿರಿ ಅಜ್ಜಿಯ ಹಿಂದೆ ಅಡುಗೆಮನೆಯಲ್ಲಿ ಇರುತ್ತಿದ್ದಳು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು. ಸಿದ್ದಗಂಗಮ್ಮನಿಗೆ ಅದು ಒಗ್ಗಿತ್ತು. ಇಬ್ಬರೂ ಸದ್ದಿಲ್ಲದೆ ಸೊಪ್ಪು ಬಿಡಿಸುತ್ತಿದ್ದರು.

ಶಿಲ್ಪಶ್ರೀ ಒಮ್ಮೆ ತವರಿಗೆ ಹೋಗುವೆನೆಂದಳು. ತಾಯಿ ಫೋನಿನಲ್ಲಿ, ಅವತ್ತು ಹೆಣ್ಣು ದನಿ ಅಂತ ಅತ್ತೆ, ಇವತ್ತು ಗಂಡು ದನಿ ಅಂತ ಅಳ್ತೀಯ, ಜನ ಏನಂತಾರೆ ಎಂದರು. ಅವಳು ಹೋಗಲಿಲ್ಲ.

ಕೊನೆಯ ತಪಾಸಣೆ ಆಗಸ್ಟಿನಲ್ಲಿತ್ತು. ಮಗುವನ್ನೂ ಕರೆದುಕೊಂಡು ಹೋದರು. ಚೂಡಾಮಣಿ ಕೈಲಾಸನಿಂದ ಅದೇ ಪ್ಯಾರಾ ಓದಿಸಿ ಧ್ವನಿಮುದ್ರಿಸಿಕೊಂಡರು. ತುಂಬಾ ಚೆನ್ನಾಗಿದೆ ಎಂದರು. ಮೆತ್ತಗಿನ ಮಾತೊಂದು ಬಾಕಿ ಇದೆ, ಅದನ್ನು ಬಿಡಬೇಡಿ, ಬರೀ ಗಡಸಾಗಿ ಮಾತಾಡಿದರೆ ಗಂಟಲಲ್ಲಿ ಗಂಟಾಗುತ್ತದೆ ಎಂದು ಎಚ್ಚರಿಸಿದರು. ಆಮೇಲೆ, ಎಷ್ಟು ದೂರ ಬಂದಿದ್ದೀರಿ ನೀವೇ ಕೇಳಿ ಎಂದು ಕಂಪ್ಯೂಟರಿನಲ್ಲಿ ಮೊದಲ ದಿನದ ಧ್ವನಿಮುದ್ರಣವನ್ನು ಹಾಕಿದರು.

"ನನ್ನ ಹೆಸರು ಕೈಲಾಸ್," ಎಂದಿತು ಸ್ಪೀಕರ್. "ನಮ್ಮದು ಪಾತ್ರೆ ಅಂಗಡಿ. ಇಷ್ಟು ಸಾಕಾ ಮೇಡಂ?"

ಸಿರಿ ಅಮ್ಮನ ತೊಡೆಯಿಂದ ಇಳಿದಳು. ಮೇಜಿನ ಹತ್ತಿರ ಹೋಗಿ ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ಅದರ ಹಿಂದೆ ಬಗ್ಗಿ ನೋಡಿದಳು. ಬಹಳ ದಿನಗಳ ನಂತರ ತಂದೆಯ ಎದುರು ಬಾಯಿ ಬಿಟ್ಟಳು.

"ಅಪ್ಪ, ಹೊರಗೆ ಬಾ."

ಚೂಡಾಮಣಿ ನಕ್ಕರು. ಮಕ್ಕಳು ಹೀಗೇ ಎಂದರು. ಶಿಲ್ಪಶ್ರೀ ನಗಲಿಲ್ಲ. ಮೇಡಂ, ಅದನ್ನ ನನ್ನ ಫೋನಿಗೆ ಕಳಿಸ್ತೀರಾ ಎಂದು ಕೇಳಿದಳು. ಕಳಿಸೋಣ ಅದಕ್ಕೇನಂತೆ, ಆದರೆ ದನಿ ಸಾರ್‌ದಲ್ಲವಾ, ಅವರು ಒಪ್ಪಬೇಕು ಎಂದು ಚೂಡಾಮಣಿ ಅವನ ಕಡೆ ತಿರುಗಿದರು.

ಕೈಲಾಸ್ ಮಗಳನ್ನು ನೋಡುತ್ತಿದ್ದ. ಅವಳ ಕೈ ಇನ್ನೂ ಸ್ಪೀಕರಿನ ಮೇಲಿತ್ತು. ಗಲ್ಲದ ಮೇಲೆ ಹೊಲಿಗೆಯ ಗೆರೆ ಇತ್ತು. ಅವನ ಮುಖ ಸಡಿಲವಾಯಿತು. ಮುಂದೆ ಬಗ್ಗಿ, ಸಿಟ್ಟಿಲ್ಲದೆ, ಹೆಂಡತಿಯ ಹತ್ತಿರ ಹಿಂದೆ ಊಟ ಆಯ್ತಾ ಎಂದು ಕೇಳುತ್ತಿದ್ದಷ್ಟೇ ಮೆಲ್ಲಗೆ ಹೇಳಿದ.

"ಅಳಿಸಿಬಿಡ್ತೀರಾ ಮೇಡಂ?"

ಪ್ರಶ್ನೆಯ ಕೊನೆಯವರೆಗೂ ದನಿ ಆಳದಲ್ಲೇ ಇತ್ತು. ಎಲ್ಲೂ ಒಡೆಯಲಿಲ್ಲ. ಅದು ಅವನಿಗೂ ಕೇಳಿಸಿತು.

ಚೂಡಾಮಣಿ ಕನ್ನಡಕ ತೆಗೆದರು. ನಿಜವಾದ ಖುಷಿಯಿಂದ ಶಿಲ್ಪಶ್ರೀಯ ಕಡೆ ನೋಡಿ, "ಕೇಳಿದ್ರಾ? ಇಷ್ಟು ದಿನ ಬರದೇ ಇದ್ದದ್ದು ಇದೇ ನೋಡಿ. ಎಷ್ಟು ಮೆತ್ತಗೆ ಹೇಳಿದ್ರು, ಆದ್ರೂ ಇಳಿದೇ ಇತ್ತು," ಎಂದರು. ಮೌಸ್ ಒತ್ತಿದರು. ಇನ್ನು ನೀವು ಬರಬೇಕಾಗಿಲ್ಲ ಎಂದರು.

ಸಿರಿ ಸ್ಪೀಕರಿಗೆ ಕಿವಿ ಹಚ್ಚಿ ಕಾಯುತ್ತಿದ್ದಳು. ಕೈಲಾಸ್ ಎದ್ದು ನಿಂತು, ಅದೇ ಮೆಲುದನಿಯಲ್ಲಿ, "ಬಾ ಪುಟ್ಟಿ, ಹೋಗೋಣ್ವಾ?" ಎಂದು ಕೈ ಚಾಚಿದ. ಮಗು ಬೆಚ್ಚಿ ಸ್ಪೀಕರಿನಿಂದ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡಿತು.